ಪುಟ್ಟಿಗೆ ಜ್ವರ ಬಂದ ದಿನ

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಗುಂಡನ ಅಪ್ಪನಿಗೆ, ನಿಮ್ಮವಳ ಪ್ರೀತಿಯ ನಮಸ್ಕಾರ.

ಆರೋಗ್ಯವೇ? ಸೊಂಟ ನೋವು ಹೇಗಿದೆ? ಹಡಗಿನಲ್ಲಿ ಎಲ್ಲರಿಗೂ ಬಿಸಿಬಿಸಿ ಬಡಿಸಿ, ತಾವು ಮಾತ್ರ ಆರಿದ್ದನ್ನು ನಿಂತುಕೊಂಡೇ ನುಂಗುವ ಚಾಳಿ ಬಿಟ್ಟಿರೋ ಇಲ್ಲವೋ. ನನಗೆ ಕೈತುಂಬ ಹೊಲಿಗೆ ಕೆಲಸವಿದೆ, ಚೆನ್ನಾಗಿದ್ದೇನೆ. ನಮ್ಮ ಗುಂಡ ಹೋದ ಮೇಲೆ ಹಡಗು ಹತ್ತಿದವರು ನೀವು ಒಮ್ಮೆಯೂ ಮನೆಗೆ ಬಂದಿಲ್ಲ. ಫೋನಿನಲ್ಲಿ ಅವನ ಮಾತೆತ್ತಿದರೆ ಸಾಕು, "ಸಿಗ್ನಲ್ ಇಲ್ಲ ಕಣೇ" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಭಾನುವಾರ ಬೆಳಿಗ್ಗೆ ನನ್ನ ತಮ್ಮ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಬಂದ. ಅವನ ಮಗಳು ಪುಟ್ಟಿಗೆ ಮೈ ಕೆಂಡ. ಹೋಗಿ ನೋಡಿದರೆ ಕಿಟಕಿಗಳೆಲ್ಲ ಮುಚ್ಚಿವೆ, ಮಗು ಕಂಬಳಿಯೊಳಗೆ ಬೇಯುತ್ತಿದೆ, ಗಂಡ ಹೆಂಡತಿ ಅದರ ತಲೆಯ ಮೇಲೆಯೇ ಜಗಳವಾಡುತ್ತಿದ್ದಾರೆ. ಇವನು ತಣ್ಣೀರಲ್ಲಿ ಕೂರಿಸೋಣ ಅಂತಾನೆ, ಅವಳು ಇನ್ನೊಂದು ಹೊದಿಕೆ ಹಾಕೋಣ ಅಂತಾಳೆ. ಎರಡೂ ಬೇಡ ಅಂದೆ. ಕಿಟಕಿ ತೆಗೆದು, ಕಂಬಳಿ ಸರಿಸಿ, ತೆಳ್ಳನೆಯ ಫ್ರಾಕು ಹಾಕಿದೆ. ಜ್ವರದ ಸಿರಪ್ಪನ್ನು ಡಾಕ್ಟರು ಹೋದ ತಿಂಗಳು ಅವಳ ತೂಕ ನೋಡಿ ಬರೆದುಕೊಟ್ಟಷ್ಟೇ ಅಳೆದು ಕುಡಿಸಿದೆವು. ಸ್ವಲ್ಪ ಹೊತ್ತಿಗೆ ತಮ್ಮ ಮತ್ತೆ ಬಾಟಲಿ ಎತ್ತಿದ. "ಜ್ವರ ಇಳೀಲೇ ಇಲ್ವಲ್ಲಕ್ಕಾ, ಇನ್ನೊಂದು ಚೂರು ಹಾಕೋಣ" ಅಂದ. ಬಾಟಲಿ ಕಿತ್ತುಕೊಂಡು ನನ್ನ ಸೆರಗಿಗೇ ಕಟ್ಟಿಕೊಂಡೆ. ನೀರು ಬೇಡವೆಂದು ಪುಟ್ಟಿ ಬಾಯಿ ಬಿಗಿದರೆ, ಮೊದಲು ಅವಳಪ್ಪನಿಗೆ ಚಮಚದಲ್ಲಿ ಕುಡಿಸಿದೆ. ಅಷ್ಟು ದೊಡ್ಡ ಮೀಸೆಯವನು ಮಗುವಿನಂತೆ ಬಾಯಿ ತೆರೆದದ್ದು ನೋಡಿ ಅವಳೂ ಗುಟುಕು ಗುಟುಕಾಗಿ ಕುಡಿದಳು.

ತಮ್ಮನ ಹೆಂಡತಿ ಅಳುತ್ತಾ ಥರ್ಮಾಮೀಟರನ್ನೇ ನೋಡುತ್ತಿದ್ದಳು. "ಅದನ್ನ ಬಿಟ್ಟು ಮಗೂನ ನೋಡಮ್ಮ" ಅಂದೆ. ಗುರುತು ಹಿಡಿದು ಮಾತಾಡುತ್ತಾಳಾ, ಉಚ್ಚೆ ಹೊಯ್ಯುತ್ತಾಳಾ, ಉಸಿರು ಸಲೀಸಾಗಿದೆಯಾ ನೋಡು. ಎಬ್ಬಿಸಿದರೂ ಏಳದಂತೆ ಮಂಪರು ಬಂದರೆ, ಫಿಟ್ಸ್ ಬಂದರೆ, ಕತ್ತು ಬಿಗಿದುಕೊಂಡರೆ ಯಾರನ್ನೂ ಕೇಳುತ್ತಾ ನಿಲ್ಲಬೇಡ, ಎತ್ತಿಕೊಂಡು ಆಸ್ಪತ್ರೆಗೆ ಓಡು ಅಂದೆ. "ಇದೆಲ್ಲ ನಿಂಗೆ ಹೇಗೆ..." ಅಂತ ಶುರು ಮಾಡಿದ ತಮ್ಮ ಅಲ್ಲಿಗೇ ನಾಲಿಗೆ ಕಚ್ಚಿಕೊಂಡ. ಆಮೇಲೆ ನನ್ನ ಮುಖ ನೋಡಲಾರದೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಾ ಕೂತ.

ಸಂಜೆಗೆ ಪುಟ್ಟಿ ಬೆವೆತು, ಕಣ್ಣು ಬಿಟ್ಟು, "ಅತ್ತೇ, ಬಿಸ್ಕತ್ತು" ಅಂದಳು. ಅವರಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ನಕ್ಕರು. ನಾನೂ ನಕ್ಕೆ. ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಆ ಮಗು ಉಳಿಯಿತೆಂಬ ಸಂತೋಷವೇ ರೀ, ದೇವರಾಣೆ. ಆದರೆ ಇವಳ ಜ್ವರ ಇಳಿಯಿತು, ನಮ್ಮವನದು ಇಳಿಯಲಿಲ್ಲವಲ್ಲ.

ಹೊತ್ತು ಹೊತ್ತಿಗೆ ಊಟ ಮಾಡಿ. ತಮ್ಮನೂ ಅವನ ಹೆಂಡತಿಯೂ ನಿಮ್ಮನ್ನು ಕೇಳಿದೆವೆಂದು ಬರೆಯಲು ಹೇಳಿದ್ದಾರೆ.

ಇತಿ,
ಗುಂಡನ ಅಮ್ಮ

ಮ. ವಿ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆದೇಬಿಡುತ್ತೇನೆ. ನಿನ್ನೆ ಪುಟ್ಟಿಯನ್ನು ತೋರಿಸಲು ನಾನೂ ಜೊತೆಗೆ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿದ್ದವರು ನಮ್ಮ ಗುಂಡನನ್ನು ನೋಡಿದ ಡಾಕ್ಟರೇ. ಅವರಪ್ಪ ಇನ್ನೂ ಬೇಗ ಹೊರಟಿದ್ದರೆ ಗುಂಡ ಉಳಿಯುತ್ತಿದ್ದನಾ ಅಂತ ಕೇಳಿಯೇಬಿಟ್ಟೆ. "ಇಲ್ಲಮ್ಮ. ಮಂಪರು ಬಂದ ತಕ್ಷಣ ಎತ್ಕೊಂಡು ಓಡಿಬಂದಿದ್ರು. ಅದು ಮೆದುಳಿಗೇ ಏರಿದ ಸೋಂಕು, ನಮ್ಮ ಕೈಯಲ್ಲೇ ನಿಲ್ಲಿಸೋಕಾಗ್ಲಿಲ್ಲ. ಅವರದ್ದೇನೂ ತಪ್ಪಿಲ್ಲ ಅಂತ ಹೇಳಿ" ಅಂದರು. ಕೇಳಿಸಿತಾ ರೀ? ನಿಮ್ಮದೇನೂ ತಪ್ಪಿಲ್ಲ. ಈ ಸಲ ಹಡಗು ದಡ ಮುಟ್ಟಿದಾಗ ಮನೆಗೆ ಬನ್ನಿ. ಅವನನ್ನು ನೆನೆದು ಜೊತೆಗೆ ಕೂತು ಅಳೋಕೆ ನನಗೆ ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ.