ಬಗ್ಗದ ಮಂಡಿ

ಹೊಸಹೊಳಲು
೧೨ ಜನವರಿ ೨೦೨೫

ಅನು ಅಕ್ಕನಿಗೆ ನಿನ್ನ ರಂಜಿತ ಮಾಡುವ ನಮಸ್ಕಾರ.

ಕೈಯಲ್ಲಿ ಫೋನಿರುವಾಗ ಪಾಂಡವಪುರಕ್ಕೆ ಕಾಗದ ಬರೆಯುವ ಹುಚ್ಚೇನು ಇವಳಿಗೆ ಎಂದು ನೀನು ನಗಬಹುದು. ಇವರ ಮಂಚ ಈಗ ನಡುಮನೆಯಲ್ಲಿದೆ. ಮನೆಯ ಯಾವ ಮೂಲೆಯಲ್ಲಿ ಪಿಸುಗುಟ್ಟಿದರೂ ಅವರಿಗೆ ಕೇಳುತ್ತದೆ. ಕೊಟ್ಟಿಗೆಗೆ ಹೋದರೆ ಅಲ್ಲಿ ಮಾವನವರು. ಅವರಿಬ್ಬರಿಗೂ ಕೇಳಿಸಬಾರದ ಮಾತು ನಿನಗೆ ಹೇಳುವುದಿದೆ. ಉತ್ತರ ಬರೆದರೆ ಡೈರಿಯ ಕೆಂಪಣ್ಣನ ವಿಳಾಸಕ್ಕೆ ಬರೆ, ಹಾಲು ಹಾಕಲು ಹೋದಾಗ ಇಸಿದುಕೊಳ್ಳುತ್ತೇನೆ.

ನಾಗಮಂಗಲದ ಕಬಡ್ಡಿ ಪಂದ್ಯದಲ್ಲಿ ಏನಾಯಿತೆಂದು ನಿನಗೆ ಅರ್ಧಂಬರ್ಧ ಗೊತ್ತಿದೆ. ಇವರು ರೈಡಿಗೆ ಹೋಗಿ ಒಬ್ಬನನ್ನು ಮುಟ್ಟಿ ತಿರುಗುವಷ್ಟರಲ್ಲಿ ಇಬ್ಬರು ಕಾಲು ಹಿಡಿದರಂತೆ. ಮೈ ಗೆರೆಯ ಕಡೆ ತಿರುಗಿತು, ಪಾದ ಇದ್ದಲ್ಲೇ ಉಳಿಯಿತು. ಮಂಡಿಯೊಳಗೆ ಏನೋ ಪಟ್ಟೆಂದ ಸದ್ದು ಗೆರೆಯಾಚೆ ನಿಂತಿದ್ದ ಕ್ಯಾಪ್ಟನ್ ನಾಗರಾಜುವಿಗೂ ಕೇಳಿಸಿತಂತೆ. ಮೈಸೂರಿನಲ್ಲಿ ತೊಡೆಯ ಹಿಂದಿನಿಂದ ನರ ತೆಗೆದು, ಹರಿದುಹೋದ ಲಿಗಮೆಂಟಿನ ಜಾಗಕ್ಕೆ ಕಟ್ಟಿದರು. ಈಗ ಮಂಡಿಗೆ ದೊಡ್ಡ ಬೆಲ್ಟು, ಓಡಾಡಲು ವಾಕರು. ಮೊದಲಿನಷ್ಟು ಊತವಿಲ್ಲ. ಮಧ್ಯಾಹ್ನ ಯಾರೂ ಇಲ್ಲದಾಗ ಗೋಡೆಯ ಕಡೆ ತಿರುಗಿ ಅಳುತ್ತಾರೆ. ನಾನು ನೋಡಿಯೂ ನೋಡದವಳ ಹಾಗೆ ಒಳಗೆ ಹೋಗುತ್ತೇನೆ.

ಇನ್ನು ನಾನು ಹೇಳಬೇಕೆಂದಿದ್ದ ಮಾತು. ಅಕ್ಕ, ನಾನು ಸಂತೋಷವಾಗಿದ್ದೇನೆ.

ಬೈಯಬೇಡ. ಮದುವೆಯಾದ ಮೇಲೆ ಇವರನ್ನು ಇಷ್ಟು ದಿನ ಒಟ್ಟಿಗೆ ಕಂಡವಳೇ ಅಲ್ಲ ನಾನು. ಸುಗ್ಗಿ ಮುಗಿದರೆ ಕಬಡ್ಡಿ, ಹಬ್ಬ ಬಂದರೆ ಕಬಡ್ಡಿ, ತುಮಕೂರು, ಮಳವಳ್ಳಿ, ಹಾಸನ. ಬಂದರೆ ಬಟ್ಟೆ ಒಗೆಯಲು ಹಾಕಿ ನಿದ್ದೆ, ಎದ್ದರೆ ಮತ್ತೆ ಬ್ಯಾಗು. ಈಗ ಅವರೆಕಾಯಿ ಕಾಲ. ನಾನು ಬಿಡಿಸಿ ನೆನೆಹಾಕಿದ ಕಾಳನ್ನು ಮಂಚದ ಮೇಲೆ ಕೂತು ಹಿಸುಕುತ್ತಾರೆ. ಮೊದಲ ದಿನ ಬೇಳೆಯೆಲ್ಲ ಹಾರಿ ಹಾಸಿಗೆಯ ತುಂಬ ಬಿದ್ದಿತ್ತು. "ಇದು ಕಬಡ್ಡಿಗಿಂತ ಕಷ್ಟ ಕಣೇ" ಅಂದರು. ನಾನು ಓದಿದ ಸ್ಕೂಲಿನ ಹೆಸರು ಕೇಳಿದರು. ಅಪ್ಪ ತೀರಿಕೊಂಡಾಗ ನಾನು ಎಷ್ಟು ಚಿಕ್ಕವಳಿದ್ದೆ ಎಂದು ಕೇಳಿದರು. ನಮಗೆ ಮದುವೆಯಾಗಿ ಇಷ್ಟು ವರ್ಷವಾದ ಮೇಲೆ, ಅಕ್ಕ.

ನಿನ್ನೆ ಒಲೆ ಮುಂದೆ ನನ್ನಷ್ಟಕ್ಕೆ ನಾನೇ ಹಾಡು ಗುನುಗುತ್ತಿದ್ದೆ. ಅವರು ನಡುಮನೆಯಿಂದ "ಏನು, ಬೋ ಖುಷಿಯಾಗಿದ್ದೀಯ?" ಅಂದರು. ಕೈಲಿದ್ದ ಸೌಟು ಹಾಗೇ ನಿಂತಿತು. ಗಂಡ ಬಿದ್ದುಕೊಂಡಿರುವಾಗ ಹಾಡುವ ಹೆಂಗಸು ನಾನು. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಮಕ್ಕಳಿಗೆ ಎಳ್ಳುಬೆಲ್ಲ ಮಾವನವರ ಕೈಲಿ ಕಳಿಸುತ್ತೇನೆ.

ನಿನ್ನ ತಂಗಿ,
ರಂಜಿತ


ಹೊಸಹೊಳಲು
೨೩ ಫೆಬ್ರವರಿ

ಅಕ್ಕ,

ನೀನು ಬಂದು ನೋಡಿಕೊಂಡು ಹೋದದ್ದು ಇವರಿಗೆ ತುಂಬ ಸಮಾಧಾನವಾಯಿತು. ಆವತ್ತು ನೀನು "ಮಂಡಿ ಇಷ್ಟೇನಾ ಬಗ್ಗೋದು?" ಎಂದು ಕೇಳಿದೆಯಲ್ಲ, ಅದಕ್ಕೆ ನಾನು ಕೊಟ್ಟ ಉತ್ತರ ನಿನಗೆ ಸಾಲಲಿಲ್ಲವೆಂದು ನಿನ್ನ ಮುಖದಲ್ಲೇ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಪೇಟೆಯ ಫಿಸಿಯೋಥೆರಪಿ ಮೇಡಂ, ಸಿಂಚನ ಅಂತ, ಚಿಕ್ಕ ವಯಸ್ಸಿನವರು. ಮಲಗಿಸಿ ಹಿಮ್ಮಡಿಯನ್ನು ನಿಧಾನವಾಗಿ ಹಿಂದಕ್ಕೆ ಎಳೆದು ಮಂಡಿ ಬಗ್ಗಿಸಬೇಕು, ಅವರ ಕೈಲಿ ಆಗದಿದ್ದರೆ ನಾನು ತಳ್ಳಬೇಕು ಎಂದು ತೋರಿಸಿಕೊಟ್ಟಿದ್ದಾರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಆದರೆ ತಳ್ಳಿದರೆ ಇವರು ಕೂಗುವ ಕೂಗು ನೀನು ಕೇಳಿಲ್ಲ. ಹೆಗಲ ಮೇಲೆ ಗೊಬ್ಬರದ ಮೂಟೆ ಹೊತ್ತು ನಗುತ್ತಿದ್ದ ಮನುಷ್ಯ ಹಾಸಿಗೆಯ ಅಂಚು ಕಚ್ಚಿಕೊಂಡು ನಡುಗುತ್ತಾರೆ. ನನ್ನ ಕೈ ತಾನಾಗಿ ಸಡಿಲವಾಗುತ್ತದೆ. "ಇವತ್ತೊಂದಿನ ಬುಡಿ, ನಾಳೆ ಮಾಡುವಾ" ಅನ್ನುತ್ತೇನೆ. ಅವರೂ ಹೂಂ ಅನ್ನುತ್ತಾರೆ. ಆಮೇಲೆ ಇಬ್ಬರೂ ಕಾಫಿ ಕುಡಿಯುತ್ತೇವೆ.

ಜೋರಾಗಿ ಬಗ್ಗಿಸಿದರೆ ಹೊಸದಾಗಿ ಕಟ್ಟಿದ ನರ ಕಿತ್ತುಬಂದರೆ ಏನು ಗತಿ ಎಂದು ಒಂದು ದಿನ ಕೇಳಿದೆ. ನನಗೆ ನಿಜವಾಗಿಯೂ ಆ ಭಯವಿತ್ತು. ಅದನ್ನು ಕೇಳಿದ ಮೇಲೆ ಅವರಿಗೂ ಭಯ ಹೊಕ್ಕಿತು, ಈಗ ಅವರೇ ಕಾಲು ಮುಟ್ಟಗೊಡುವುದಿಲ್ಲ. ಪೇಟೆಗೂ ಎರಡು ವಾರದಿಂದ ಹೋಗಿಲ್ಲ. ಹಸು ಕರು ಹಾಕುವ ಹಾಗಿತ್ತು, ಬಿಟ್ಟು ಹೋಗುವುದು ಹೇಗೆ? ಮೇಡಂ ಫೋನ್ ಮಾಡಿದ್ದರು. ಮನೆಯಲ್ಲೇ ಮಾಡಿಸುತ್ತಿದ್ದೇನೆ ಎಂದೆ. ಸ್ವಲ್ಪ ಸ್ವಲ್ಪ ಮಾಡಿಸುತ್ತಲೂ ಇದ್ದೇನೆ.

ಕರು ಹೆಣ್ಣು. ವಾಕರು ಹಿಡಿದು ಕೊಟ್ಟಿಗೆಯ ಬಾಗಿಲವರೆಗೆ ಬಂದು ನೋಡಿದರು. ಗಿಣ್ಣು ಕಾಯಿಸುವಾಗ ಏಲಕ್ಕಿ ಕುಟ್ಟಿಕೊಟ್ಟದ್ದು ಅವರೇ. ನನಗೆ ಗಿಣ್ಣು ಸೇರುವುದಿಲ್ಲ ಎಂಬುದು ಈಗ ಅವರಿಗೆ ಗೊತ್ತು. ಸಂಜೆ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ನಾನು ಡೈರಿಯಿಂದ ಬರುವ ದಾರಿ ನೋಡುತ್ತಾ ಕೂತಿರುತ್ತಾರೆ. ತಡವಾದರೆ ಕೇಳುತ್ತಾರೆ. ನನ್ನ ದಾರಿಯನ್ನು ಇದುವರೆಗೆ ಯಾರೂ ಕಾದಿರಲಿಲ್ಲ.

ಅವರ ನೋವು ನೋಡಲಾಗದೆ ಬಿಡುತ್ತೇನೆ, ಅಷ್ಟೇ. ಬೇರೇನೂ ಇಲ್ಲ.

ರಂಜಿತ


ಪಾಂಡವಪುರ
೩ ಮಾರ್ಚ್

ರಂಜಿ,

ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕೊಟ್ಟು ಕೂರಿಸಿ ಇದನ್ನು ಬರೆಯುತ್ತಿದ್ದೇನೆ. ಮನೆಗೆ ಹೋದರೆ ನಿನ್ನ ಮೇಲೆ ಮರುಕ ಬಂದು ಬರೆಯದೆ ಬಿಟ್ಟೇನು.

ನಿನ್ನ ಎರಡು ಕಾಗದಗಳನ್ನೂ ಜೊತೆಗಿಟ್ಟು ಓದಿದೆ. ಮಂಡಿಯ ಬಗ್ಗೆ ಬರೆಯುವಾಗ ನಿನ್ನ ಪೆನ್ನು ಅವಸರ ಮಾಡುತ್ತದೆ. ಅವರೆಕಾಳು, ಗಿಣ್ಣು, ಜಗಲಿಯ ಕುರ್ಚಿ ಬಂದ ತಕ್ಷಣ ಆರಾಮವಾಗಿ ಕೂತು ಬರೆಯುತ್ತೀಯ. ಬೇರೇನಾದರೂ ಇದೆಯೇ ಎಂದು ನಾನು ಕೇಳಿರಲಿಲ್ಲ, "ಬೇರೇನೂ ಇಲ್ಲ" ಎಂದು ನೀನಾಗಿ ಬರೆದೆ. ನೀನು ಚಿಕ್ಕವಳಿದ್ದಾಗ ಸಕ್ಕರೆ ಕದ್ದು ತಿಂದು ಬಂದಾಗಲೂ ಹೀಗೇ ಬಾಯಿ ಒರೆಸಿಕೊಂಡು ನಿಲ್ಲುತ್ತಿದ್ದೆ.

ನಮ್ಮ ಶಾಲೆಯ ದೈಹಿಕ ಶಿಕ್ಷಕರು ಸೋಮಯ್ಯ ಇದ್ದಾರಲ್ಲ, ಅವರನ್ನು ನಿನ್ನ ಹೆಸರೆತ್ತದೆ ಕೇಳಿದೆ. ಇಷ್ಟು ದಿನಕ್ಕೆ ಮಂಡಿ ಸುಮಾರಾಗಿ ಪೂರ್ತಿ ಬಗ್ಗಬೇಕಂತೆ. ಬಗ್ಗಿಸದೆ ಬಿಟ್ಟರೆ ಒಳಗೇ ಕಚ್ಚಿಕೊಂಡುಬಿಡುತ್ತದಂತೆ. ಆಟ ಹಾಗಿರಲಿ, ಗದ್ದೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವುದಕ್ಕೂ ಆಗುವುದಿಲ್ಲ. ದಿಲೀಪನಿಗೆ ಇನ್ನೂ ಮೂವತ್ತು ತುಂಬಿಲ್ಲ.

ನೀನು ಒಂಟಿಯಾಗಿದ್ದೆ ಎಂಬುದು ನನಗೆ ಗೊತ್ತಿಲ್ಲವೇ? ನಿನ್ನ ಮದುವೆಯಾದ ವರ್ಷ ಯುಗಾದಿಗೆ ಒಬ್ಬಳೇ ಬಸ್ಸಿಳಿದು ಬಂದೆ, ಅವರಿಗೆ ಪಂದ್ಯ ಇದೆ ಎಂದು ನಗುತ್ತಾ ಹೇಳಿದೆ. ಆ ನಗುವನ್ನು ನಾನು ಇನ್ನೂ ಮರೆತಿಲ್ಲ. ಆದರೂ ಹೇಳುತ್ತೇನೆ. ಈ ಕಾಗದ ಸಿಕ್ಕ ಮರುದಿನ ಹಸು ಯಾರಾದರೂ ನೋಡಿಕೊಳ್ಳಲಿ, ನೀನು ಅವನನ್ನು ಪೇಟೆಗೆ ಕರೆದುಕೊಂಡು ಹೋಗು. ಅವನು ಕೂಗಲಿ. ನೀನು ತಳ್ಳು.

ಬೈದೆ ಎಂದು ಊಟ ಬಿಡಬೇಡ.

ಅನು


ಹೊಸಹೊಳಲು
೨೯ ಮೇ

ಅಕ್ಕ,

ಇಷ್ಟು ದಿನ ನಿನ್ನ ಫೋನನ್ನೂ ಸರಿಯಾಗಿ ಎತ್ತಲಿಲ್ಲ. ನಡೆದದ್ದನ್ನೆಲ್ಲ ಒಂದೇ ಸಲ ಬರೆಯುತ್ತೇನೆ.

ನಿನ್ನ ಕಾಗದ ಓದಿದ ಮರುದಿನವೇ ಪೇಟೆಗೆ ಹೋದೆವು. ಸಿಂಚನ ಮೇಡಂ ಮಂಡಿ ಬಗ್ಗಿಸಿ ನೋಡಿ, ಅಳತೆಯನ್ನು ಎರಡೆರಡು ಸಲ ತೆಗೆದರು. ಆಮೇಲೆ ದಿನವೂ ತಳ್ಳಿದೆ, ಅಕ್ಕ, ಅವರು ಅತ್ತರೂ ತಳ್ಳಿದೆ. ತಡವಾಗಿತ್ತು. ಗೋಡೆಯನ್ನು ತಳ್ಳಿದ ಹಾಗಿತ್ತು. ಏಪ್ರಿಲ್‌ನಲ್ಲಿ ಮೈಸೂರಿನ ಡಾಕ್ಟರು ನೋಡಿ, ಒಳಗೆಲ್ಲ ಅಂಟಿಕೊಂಡಿದೆ, ಇನ್ನೊಂದು ಸಲ ಅರಿವಳಿಕೆ ಕೊಟ್ಟು ಬಗ್ಗಿಸಬೇಕು ಅಂದರು. ಹೇಳಿಕೊಟ್ಟಿದ್ದನ್ನು ಮನೆಯಲ್ಲಿ ಮಾಡಲಿಲ್ಲವೇ ಎಂದು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ನಾನೇ ಸೋಮಾರಿತನ ಮಾಡ್ಬುಟ್ಟೆ ಸಾರ್. ಇವ್ಳು ಪಾಪ ಹೇಳ್ತಾನೇ ಇದ್ಲು" ಅಂದರು ಇವರು.

ನಾನು ಬಾಯಿ ಬಿಡಲಿಲ್ಲ. ಅವರನ್ನು ಒಳಗೆ ಕರೆದುಕೊಂಡು ಹೋದಾಗಲೂ ಬಿಡಲಿಲ್ಲ. ಎಚ್ಚರವಾದ ಮೇಲೆ ಮಂಡಿ ಬಗ್ಗಿಸಿ ನೆಟ್ಟಗೆ ಮಾಡುವ ಮಿಷನ್ನಿಗೆ ಕಾಲು ಕಟ್ಟಿದರು. ಬೆವರು ಸುರಿಯುತ್ತಿದ್ದರೂ ನನ್ನ ಕಡೆ ನೋಡಿ, "ನೀನೇನಾರ ತಿಂದಿದ್ಯಾ?" ಎಂದು ಕೇಳಿದರು.

ಮನೆಗೆ ಕಳಿಸಿದ ದಿನ ಬಾಡಿಗೆ ಕಾರು ಮಾಡಿಕೊಂಡು ಬಂದೆವು. ಶ್ರೀರಂಗಪಟ್ಟಣದಲ್ಲಿ ಡ್ರೈವರು ಟೀ ಕುಡಿಯಲು ಇಳಿದರು. ಇವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡಿದ್ದರು. "ನಿಂಗೆ ಬೋ ತೊಂದ್ರೆ ಕೊಟ್ಬುಟ್ಟೆ ಕಣೆ. ನಾನು ಮಾಡ್ಕಂಡಿದ್ದು, ನೀನು ಅನುಭವಿಸ್ತಿದ್ದೀಯ" ಅಂದರು. ಅದನ್ನು ಕೇಳಿಸಿಕೊಂಡು ಇನ್ನು ಕೂರಲಾಗಲಿಲ್ಲ. ಹೇಳಿಬಿಟ್ಟೆ. ನೋವು ನೋಡಲಾಗದೆ ಬಿಟ್ಟದ್ದು ಮೊದಲ ಕೆಲವು ದಿನ ಮಾತ್ರ. ಆಮೇಲೆ ಬಿಟ್ಟದ್ದು ಬೇಕೆಂದೇ. ನರ ಕಿತ್ತುಬರುತ್ತದೆ ಎಂದು ಹೆದರಿಸಿದ್ದು, ಹಸುವಿನ ನೆಪ ಹೇಳಿದ್ದು, ಮೇಡಂಗೆ ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ.

ಅವರು ಚಾಚಿದ್ದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ "ಯಾಕೆ?" ಎಂದರು.

"ನೀವು ಮನೇಲಿದ್ರಿ" ಅಂದೆ. ನನಗೆ ಬೇರೆ ಕಾರಣ ಗೊತ್ತಿರಲಿಲ್ಲ.

ಡ್ರೈವರು ಬಂದು ಕೂತಾಗ, "ಇಲ್ಲೇ ಗಂಜಾಂನಲ್ಲಿ ನಮ್ಮಕ್ಕನ ಮನೆ ಅದೆ, ನನ್ನ ಅಲ್ಲಿ ಇಳಿಸ್ಬುಡಿ. ಇವ್ರನ್ನ ಊರಿಗೆ ಬುಟ್ಬನ್ನಿ" ಅಂದರು. ನನ್ನನ್ನು "ಇವ್ರು" ಎಂದರು, ಅಕ್ಕ, ಯಾರೋ ಪರಿಚಯದ ಹೆಂಗಸಿಗೆ ಅನ್ನುವ ಹಾಗೆ. ಕೈ ಕೊಡಲು ಹೋದೆ. ಹಿಡಿಯದೆ ವಾಕರಿನ ಮೇಲೆ ಭಾರ ಬಿಟ್ಟು ತಾವೇ ಇಳಿದರು.

ಮಾವನವರಿಗೆ ಏನೋ ಒಂದು ಹೇಳಿ ಮುಚ್ಚಿಡಬಹುದಿತ್ತು. ಆದರೆ ಕೊಟ್ಟಿಗೆಯಲ್ಲಿ ಅವರು "ಏನವ್ವ, ಜಗಳ ಮಾಡ್ಕಂಡ್ರಾ?" ಎಂದು ಮೆತ್ತಗೆ ಕೇಳಿದಾಗ ಅವರಿಗೂ ಹೇಳಿದೆ. ಮಾವನವರು ಎಂದೂ ನನಗೆ ಗದರಿದವರಲ್ಲ. ಅವತ್ತೂ ಗದರಲಿಲ್ಲ. ಹುಲ್ಲು ಹಾಕುತ್ತಾ ಹೇಳಿದರು: "ಅವ್ನು ಮನೇಲಿರ್ಲಿ ಅಂತ ಬದುಕಿದ್ದಾಗ ನಿಮ್ಮತ್ತೆನೂ ಏನೇನೋ ಮಾಡುದ್ಲು ಕಣವ್ವ. ಅತ್ಲು, ಉಪಾಸ ಬಿದ್ಲು, ಬ್ಯಾಗು ಬಚ್ಚಿಟ್ಲು. ಆದ್ರೆ ಅವನ ಕಾಲ್ ತಂಟೆಗೋಗ್ಲಿಲ್ಲ." ಅಷ್ಟೇ. ಅವತ್ತಿನಿಂದ ನಾನು ಬಡಿಸಿದ್ದನ್ನು ಉಣ್ಣುತ್ತಾರೆ, ಇನ್ನೊಂದು ಮುದ್ದೆ ಬೇಕೆಂದು ಮಾತ್ರ ಕೇಳುವುದಿಲ್ಲ.

ಈ ತಿಂಗಳು ಪೂರ್ತಿ ಅವರು ಗಂಜಾಂನಲ್ಲೇ ಇದ್ದಾರೆ. ಅತ್ತಿಗೆಯವರಿಗೆ ಫೋನ್ ಮಾಡಿದರೆ, ದಿನವೂ ವ್ಯಾಯಾಮಕ್ಕೆ ಹೋಗುತ್ತಾನೆ, ವಾಕರು ಬಿಟ್ಟಿದ್ದಾನೆ ಎನ್ನುತ್ತಿದ್ದರು. ಅವರಿಗೆ ಕೊಡಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ನಡುಮನೆಯ ಮಂಚ ಎತ್ತಿಡಲೂ ಮನಸ್ಸಾಗಲಿಲ್ಲ, ಅದರ ಮೇಲೆ ಕೂರಲೂ ಆಗಲಿಲ್ಲ. ಹೋದ ಭಾನುವಾರ ಕರೆಯದಿದ್ದರೂ ಹೊರಟೆ.

ಅವರು ಹಜಾರದಲ್ಲಿ ಚಾಪೆ ಹಾಸಿಕೊಂಡು ಟವೆಲಿನಿಂದ ಕಾಲು ಎಳೆದುಕೊಳ್ಳುತ್ತಿದ್ದರು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅತ್ತಿಗೆ ಕಾಫಿ ಕೊಟ್ಟು ಒಳಗೆ ಹೋದರು. ನಾನು ಗೋಡೆಗೊರಗಿ ಕೂತೆ.

"ನೀನು ಕೇಳ್ಬೇಕಿತ್ತು" ಅಂದರು, ಕಾಲಿನಿಂದ ಕಣ್ಣೆತ್ತದೆ. "ಮನೇಲಿರಿ ಅಂತ ಒಂದ್ಸಲನಾರ ಬಾಯ್ಬುಟ್ಟು ಕೇಳ್ಬೇಕಿತ್ತು."

"ಕೇಳಿದ್ರೆ ಇರ್ತಿದ್ರಾ?"

ಟವೆಲು ಬಿಟ್ಟು ಯೋಚನೆ ಮಾಡಿದರು. ಸುಮ್ಮನೆ ಒಂದು ಮಾತು ಹೇಳಿಬಿಡಬಹುದಿತ್ತು, ಹಾಗೆ ಮಾಡಲಿಲ್ಲ. "ಇಲ್ಲ ಕಣೆ. ಇರ್ತಿರ್ಲಿಲ್ಲ. ಅದ್ಕೇ ನಿನ್ಮೇಲೆ ಪೂರ್ತಿ ಕೋಪ ಮಾಡ್ಕಳಕ್ಕೂ ಆಯ್ತಿಲ್ಲ ನಂಗೆ."

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ನನ್ನ ಅಳು ನಿಂತ ಮೇಲೆ ಹಿಮ್ಮಡಿಯನ್ನು ನನ್ನ ಕಡೆ ಚಾಚಿ, ಟವೆಲು ಪಕ್ಕಕ್ಕೆ ಎಸೆದರು. "ಹಿಡ್ಕೊ. ನಾನ್ ಕಿರುಚುದ್ರೆ ಕಿವಿಗೆ ಹಾಕಬ್ಯಾಡ."

ತಳ್ಳಿದೆ. ಕಿರುಚಿದರು. ಅತ್ತಿಗೆ ಬಾಗಿಲವರೆಗೆ ಬಂದು ನೋಡಿ ಹೋದರು. ನಾನು ಹಿಡಿತ ಸಡಿಲಿಸಲಿಲ್ಲ. ಮಂಡಿ ಒಂಚೂರು ಒಂಚೂರಾಗಿ ಬಗ್ಗಿತು. ಕುಕ್ಕರಗಾಲಿನಲ್ಲಿ ಕೂರುವಷ್ಟು ಇನ್ನೂ ಇಲ್ಲ. ಮತ್ತೆ ಆಡಬಹುದೇ ಎಂದರೆ ಡಾಕ್ಟರು ಮುಂದಿನ ವರ್ಷದ ಮಾತು ಆಡುತ್ತಾರಂತೆ, ಅದನ್ನೂ ಖಂಡಿತವಾಗಿ ಹೇಳುವುದಿಲ್ಲವಂತೆ. ಊರಿಗೆ ಯಾವಾಗ ಬರುತ್ತೀರಿ ಎಂದು ನಾನು ಕೇಳಲಿಲ್ಲ. ಹೊರಡುವಾಗ ಅವರೇ, "ಬರೋ ಭಾನ್ವಾರನೂ ಬಾ" ಅಂದರು.

ನೀನು ಮಾರ್ಚಿನಲ್ಲಿ ಬೈದು ಬರೆದ ಕಾಗದ ಅಕ್ಕಿ ಡಬ್ಬದಲ್ಲಿದೆ. ಇನ್ನೂ ಬೈಯಬೇಕಿತ್ತು ನೀನು.

ನಿನ್ನ,
ರಂಜಿತ

ಮರೆತ ಮಾತು ಎಂದು ಬರೆಯಲು ಹೋದೆ, ಮರೆತದ್ದಲ್ಲ: ಆಪರೇಷನ್ ಆದ ಹೊಸದರಲ್ಲಿ ಇವರು ನಿದ್ದೆಯಲ್ಲಿದ್ದಾಗ ನಾಗರಾಜು ಇವರ ಫೋನಿಗೆ ಕರೆ ಮಾಡಿದ್ದ, ನಾನು ಎತ್ತಿದೆ. ದಿಲೀಪಣ್ಣನ ಜಾಗ ಖಾಲಿ ಇಟ್ಟಿರುತ್ತೇವೆ, ಎಷ್ಟು ತಿಂಗಳಾದರೂ ಕಾಯುತ್ತೇವೆ ಎಂದ. ಇವರು ಇನ್ನು ಆಡುವುದಿಲ್ಲವಂತೆ, ನಿಮ್ಮ ಮುಖ ನೋಡಿದರೆ ಸಂಕಟಪಡುತ್ತಾರೆ, ಯಾರೂ ಮನೆಗೆ ಬರಬೇಡಿ ಎಂದು ನಾನೇ ಹೇಳಿ, ಆ ಕರೆಯನ್ನು ಫೋನಿನಿಂದ ಅಳಿಸಿಬಿಟ್ಟೆ. ಜೊತೆಗೆ ಆಡಿದವರು ಒಬ್ಬರೂ ತಿರುಗಿ ನೋಡಲಿಲ್ಲವೆಂದು ಇವರು ಈಗಲೂ ಅವರನ್ನೇ ಬೈಯುತ್ತಾರೆ. ಕಾರಿನಲ್ಲಿ ಎಲ್ಲ ಹೇಳಿದೆ ಎಂದು ಮೇಲೆ ಬರೆದಿದ್ದೇನಲ್ಲ, ಇದನ್ನು ಹೇಳಿರಲಿಲ್ಲ. ಗಂಜಾಂನಲ್ಲೂ ಹೇಳಲಿಲ್ಲ. ಈ ಭಾನುವಾರ ಹೇಳುತ್ತೇನೆ. ಸೋಮವಾರ ನೀನು ಅವರಿಗೆ ಫೋನ್ ಮಾಡಿ, ಹೇಳಿದಳೇ ಎಂದು ಕೇಳು. ನನ್ನನ್ನು ಕೇಳಬೇಡ.