ಬಾಗಿಲಿಲ್ಲದ ಕಡೆ ಬಾಗಿಲು ಅಲ್ಲಾಡಿಸಿದ ಹುಡುಗಿ

ಮಾನ್ಯ ಜಿಲ್ಲಾ ಶಾಲಾ ಅಧೀಕ್ಷಕರೇ,

ಆರು ವರ್ಷ ಎರಡು ತಿಂಗಳ ನನ್ನ ಮೊಮ್ಮಗಳು ಓಪಲ್‌ಳಿಂದ ಟ್ಯಾನರಿ ಕ್ರೀಕ್ ಪ್ರಾಥಮಿಕ ಶಾಲೆಯನ್ನು ಕಾಪಾಡಿದ್ದಕ್ಕಾಗಿ ಮೊದಲು ನಿಮಗೆ ಧನ್ಯವಾದ ಹೇಳಬೇಕು. ಹತ್ತು ದಿನಗಳ ಅಮಾನತು ಆದೇಶ ಕಳೆದ ಮಂಗಳವಾರ ಕೈಸೇರಿತು. ನಿಮ್ಮ ಸಹಿಯಿದೆ, ಮೊಹರಿದೆ, ನಿಯಮ ಹದಿನಾಲ್ಕರ ಉಲ್ಲೇಖವಿದೆ. "ಆಟದ ಬಿಡುವಿನಲ್ಲಿ ವಿದ್ಯಾರ್ಥಿನಿಯು ಶಸ್ತ್ರಧಾರಿ ಆಗಂತುಕನ ಪಾತ್ರ ವಹಿಸಿ, ಸಹಪಾಠಿಗಳಿಗೆ ಕಲ್ಲುಗಳನ್ನು ಸರಬರಾಜು ಮಾಡಿ, ಭಯದ ವಾತಾವರಣ ಉಂಟುಮಾಡಿರುತ್ತಾಳೆ" ಎಂದು ಬರೆದಿದೆ. ಈ ಆಗಂತುಕಿಗೆ ಇನ್ನೂ ಶೂ ಲೇಸ್ ಕಟ್ಟಿಕೊಳ್ಳಲು ಬರುವುದಿಲ್ಲ. ಆದೇಶದಲ್ಲಿ ಅವಳಿಗೆ ಓದಲು ಬಂದದ್ದು ಅವಳ ಹೆಸರೊಂದೇ.

ನಾನು ಯಾರೆಂದು ಹೇಳಿಬಿಡುತ್ತೇನೆ. ಅದೇ ಶಾಲೆಯ ಅಡುಗೆಮನೆಯಲ್ಲಿ ಹದಿನೇಳು ವರ್ಷಗಳಿಂದ ತಲೆಗೆ ಬಲೆ ಕಟ್ಟಿಕೊಂಡು ಮಕ್ಕಳ ತಟ್ಟೆಗೆ ಹಿಸುಕಿದ ಆಲೂಗಡ್ಡೆ ಬಡಿಸುತ್ತಿರುವವಳು. ಮಗಳು ಪಕ್ಕದ ಪಟ್ಟಣದ ಆಸ್ಪತ್ರೆಗೆ ಕೆಲಸಕ್ಕೆ ಹೋಗುವುದರಿಂದ ಓಪಲ್‌ಳನ್ನು ಶಾಲೆಗೆ ಕರೆದೊಯ್ಯುವುದು, ಕರೆತರುವುದು ನಾನೇ. ಆದ್ದರಿಂದ ನಿಮ್ಮ ಕಡತದಲ್ಲಿ ಇಲ್ಲದ ಕೆಲವು ಸಂಗತಿಗಳು ನನಗೆ ಗೊತ್ತಿವೆ.

ನಡೆದದ್ದು ಇಷ್ಟು. ಜಾರುಬಂಡೆಯ ಕೆಳಗೆ ಐದು ಮಕ್ಕಳು ಮೈ ಮುದುಡಿಕೊಂಡು ಕೂತಿದ್ದರು. ಪ್ರತಿಯೊಬ್ಬರ ಮುಷ್ಟಿಯಲ್ಲೂ ಒಂದೊಂದು ಸಣ್ಣ ಕಲ್ಲಿತ್ತು. ಓಪಲ್ ಹೊರಗೆ ಸುತ್ತು ಹಾಕುತ್ತ, ಜಾರುಬಂಡೆಯ ಕಂಬಗಳನ್ನು ಒಂದೊಂದಾಗಿ ಹಿಡಿದು ಜಗ್ಗುತ್ತಿದ್ದಳು. ಮೈದಾನ ನೋಡಿಕೊಳ್ಳುವ ಸಹಾಯಕಿ ಬಂದು ಕೇಳಿದರಂತೆ, "ಏನಾಟ ಆಡ್ತಿದೀರಿ?"

"ಬೀಗದ ಆಟ," ಎಂದಳು ಹಾಲಿಸ್. ಅವಳು ಓಪಲ್‌ಳ ಜೀವದ ಗೆಳತಿ.

"ಒಳಗಿರೋರು ಯಾಕೆ ಹಂಗೆ ಮುದುರ್ಕೊಂಡಿದೀರಿ?"

"ಅವಳು ಬಾಗ್ಲು ಅಲ್ಲಾಡಿಸ್ತಾಳಲ್ಲ, ಅದ್ಕೆ."

ವಿಚಾರಣೆ ಅಲ್ಲಿಗೆ ಮುಗಿಯಿತು. ಹೊರಗಿನಿಂದ ಬಾಗಿಲು ಅಲ್ಲಾಡಿಸುವವರು ಯಾರು? ಕೊಲೆಗಾರರು. ಮುಷ್ಟಿಯಲ್ಲಿ ಕಲ್ಲು ಏಕೆ? ಎಸೆಯುವುದಕ್ಕೆ. ದೊಡ್ಡವರಿಗೆ ಎಷ್ಟು ಬೇಗ ಅರ್ಥವಾಗಿಬಿಡುತ್ತದೆ ನೋಡಿ.

ಮಾನ್ಯರೇ, ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಹೇಗೆ ಅಡಗಬೇಕೆಂದು ಕಲಿಸುವ, ನಿಮ್ಮದೇ ಆಜ್ಞೆಯ ಬೀಗದ ತಾಲೀಮಿನಲ್ಲಿ ನೀವು ಎಂದಾದರೂ ನೆಲದ ಮೇಲೆ ಕೂತಿದ್ದೀರಾ? ನಾನು ತಿಂಗಳಿಗೊಮ್ಮೆ ಕೂರುತ್ತೇನೆ. ಊಟದ ಹೊತ್ತಿಗೆ ಗಂಟೆ ಹೊಡೆದರೆ ಒಂದನೇ ತರಗತಿಯವರೆಲ್ಲ ನನ್ನ ಉಗ್ರಾಣಕ್ಕೆ ಓಡಿ ಬರುತ್ತಾರೆ. ದೀಪ ಆರಿಸಿ, ಹಿಟ್ಟಿನ ಮೂಟೆಗಳ ನಡುವೆ ಇಪ್ಪತ್ತಮೂರು ಮಕ್ಕಳನ್ನು ಕೂರಿಸಿ, ಬಾಗಿಲಿಗೆ ನನ್ನ ಬೆನ್ನು ಕೊಟ್ಟು ಕೂರುತ್ತೇನೆ. ಚಿಕ್ಕವರು ಮಾತಾಡಬಾರದಲ್ಲ, ಅದಕ್ಕೆ ಶಾಲೆಯೇ ಒಂದೊಂದು ಲಾಲಿಪಾಪ್ ಕೊಡುತ್ತದೆ. ಬಾಯಲ್ಲಿ ಸಿಹಿ ಇದ್ದರೆ ಅಳು ಹೊರಗೆ ಬರುವುದಿಲ್ಲ ಎಂಬುದು ನಿಮ್ಮ ಸುತ್ತೋಲೆಯ ಸಂಶೋಧನೆ. ಆಮೇಲೆ ಪ್ರಿನ್ಸಿಪಾಲ್ ಮೇಡಂ ಬೀಗದ ಕೈಗೊಂಚಲು ಹಿಡಿದು ಹೊರಡುತ್ತಾರೆ. ಎಲ್ಲ ಬಾಗಿಲಿಗೂ ಬೀಗ ಬಿದ್ದಿದೆಯೇ ಎಂದು ಒಂದೊಂದು ಹಿಡಿಯನ್ನೂ ಜಗ್ಗಿ ಅಲ್ಲಾಡಿಸಿ ನೋಡುತ್ತಾರೆ. ಅದು ಅವರ ಕೆಲಸ, ಸರಿಯಾಗಿಯೇ ಮಾಡುತ್ತಾರೆ. ಬಾಗಿಲು ದಡದಡ ಎಂದಾಗ ನನ್ನ ಬೆನ್ನಿನ ಮೂಳೆಯೂ ದಡದಡ ಎನ್ನುತ್ತದೆ. ಕತ್ತಲಲ್ಲಿ ಇಪ್ಪತ್ತಮೂರು ಬಾಯಿಗಳು ಚೀಪುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ.

ಈಗ ತಿಳಿಯಿತೇ ಓಪಲ್ ಯಾರಾಗಿದ್ದಳು ಎಂದು? ಮನೆಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದೆ.

"ಅಜ್ಜಿ, ನಾನು ಕೆಟ್ಟೋನಾಗಿರ್ಲಿಲ್ಲ. ನಾನು ಪ್ರಿನ್ಸಿಪಾಲ್ ಮೇಡಂ ಆಗಿದ್ದೆ. ಎಲ್ರೂ ಜೋಪಾನವಾಗಿದಾರಾ ಅಂತ ನೋಡ್ತಿದ್ದೆ."

"ಮತ್ತೆ ಆ ಕಲ್ಲು?"

"ಅದು ಲಾಲಿಪಾಪು. ಹಾಲಿಸ್‌ಗೆ ಕೆಂಪು ಸಿಗ್ಲಿಲ್ಲ, ಅದ್ಕೆ ಅಳ್ತಿದ್ಲು. ಸುಳ್ಳುಸುಳ್ಳೇ ಅಳ್ತಿದ್ಲು."

ಇದು ನಿಮ್ಮ ಶಸ್ತ್ರಾಸ್ತ್ರ ಸರಬರಾಜು.

ಮರುದಿನ ಬೆಳಗ್ಗೆ ಏಪ್ರನ್‌ನಲ್ಲೇ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಆ ಕೋಣೆಯ ಹೊರಗಿನ ಫಲಕವನ್ನು ನೀವು ನೋಡಿರಬಹುದು. ಜಿಂಕೆ ಬೇಟೆ ಶುರುವಾಗುವ ಸೋಮವಾರ ನಮ್ಮ ಶಾಲೆಗೆ ರಜೆ, ಮಂಗಳವಾರ ಆ ಫಲಕದ ತುಂಬ ಫೋಟೋ. ಹನ್ನೆರಡು ವರ್ಷದ ಹುಡುಗ ರೈಫಲ್ ಹೆಗಲಿಗೇರಿಸಿಕೊಂಡು, ಸತ್ತ ಗಂಡು ಜಿಂಕೆಯ ಕೋಡು ಹಿಡಿದು ನಗುತ್ತಿರುತ್ತಾನೆ, ಕೆಳಗೆ ನಕ್ಷತ್ರದ ಚೀಟಿ ಅಂಟಿಸಿರುತ್ತಾರೆ. ನನ್ನ ತಕರಾರಿಲ್ಲ. ನನ್ನ ಫ್ರೀಜರಿನಲ್ಲೂ ಜಿಂಕೆ ಮಾಂಸವಿದೆ. ಆದರೆ ನಿಜವಾದ ಬಂದೂಕಿಗೆ ನಕ್ಷತ್ರ, ಇಲ್ಲದ ಬಂದೂಕಿಗೆ ಹತ್ತು ದಿನ ಅಮಾನತು ಎಂಬ ಲೆಕ್ಕ ಆರು ವರ್ಷದ ಮಗುವಿಗೆ ಹೇಗೆ ಅರ್ಥ ಮಾಡಿಸಲಿ? ನನಗೇ ಅರ್ಥವಾಗಿಲ್ಲ.

ಮೇಡಂ ನನ್ನ ಮಾತು ಪೂರ್ತಿ ಕೇಳಿದರು. "ಆರ್ಡಿತ್, ನಿಯಮ ನನ್ನ ಕೈಲಿಲ್ಲ ಕಣಮ್ಮ," ಎಂದರು. "ಕಾಗದ ಮೇಲಕ್ಕೆ ಹೋಗಾಯ್ತು."

"ಅವಳು ಆಡ್ತಿದ್ದಿದ್ದು ನಿಮ್ಮ ಪಾತ್ರಾನೇ ಮೇಡಂ. ನಿಮ್ಮನ್ನ ನೋಡೇ ಕಲ್ತಿದ್ದು."

ಅವರು ಮೇಜಿನ ಮೇಲಿದ್ದ ಬೀಗದ ಕೈಗೊಂಚಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು, "ನಾನು ಬಾಗ್ಲು ಅಲ್ಲಾಡಿಸಿದ್ರೆ ಮಕ್ಳು ಅಷ್ಟೊಂದು ಹೆದರ್ತಾರಾ?" ಅವರು ಈ ಶಾಲೆಗೆ ಬಂದ ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಅವರ ಕಣ್ಣು ಒದ್ದೆಯಾದದ್ದು ಕಂಡೆ. ಆದರೂ ಕಾಗದ ಮೇಲಿಂದ ಕೆಳಗೆ ಬರಲಿಲ್ಲ. ಒದ್ದೆ ಕಣ್ಣಿಗೆ ನಿಯಮ ಹದಿನಾಲ್ಕರಲ್ಲಿ ಜಾಗವಿಲ್ಲ.

ನಂತರ ನಿಮ್ಮ ಕಚೇರಿಯಿಂದ, ಮಗು ಎಷ್ಟು ಅಪಾಯಕಾರಿ ಎಂದು ಅಳೆಯುವ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಮೆಲುಮಾತು. ಬಾಯಿ ತೆರೆಯಬಾರದು ಎಂಬ ಷರತ್ತಿನ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿದರು. ಮುದ್ರಿತ ಹಾಳೆ ನೋಡಿಕೊಂಡು ಕೇಳಿದರು, "ಪುಟ್ಟಿ, ನೀನು ಯಾರಿಗೆ ನೋವು ಮಾಡ್ಬೇಕು ಅಂದ್ಕೊಂಡಿದ್ದೆ?"

ಓಪಲ್ ನನ್ನ ಮುಖ ನೋಡಿದಳು. ನಾನು ಷರತ್ತಿನಂತೆ ತುಟಿ ಕಚ್ಚಿಕೊಂಡು ಕೂತಿದ್ದೆ. ಅವಳು ಕೇಳಿದಳು, "ಒಬ್ರ ಹೆಸರು ಹೇಳ್ಲೇಬೇಕಾ?"

ಅವರು ಬರೆದುಕೊಂಡರು: ನಿರಾಕರಿಸಲಿಲ್ಲ. ಅವತ್ತು ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ. ಈ ಪತ್ರ ಅದರ ತಪ್ಪೊಪ್ಪಿಗೆಯೂ ಹೌದು.

ನಿಯಮಗಳು ಏಕೆ ಬಂದವು ಎಂದು ನನಗೆ ಪಾಠ ಹೇಳಬೇಡಿ. ಬೇರೆ ಊರುಗಳ ಶಾಲೆಗಳಲ್ಲಿ ಗುಂಡು ಹಾರಿದ ಸುದ್ದಿ ನಮ್ಮ ಮನೆಗೂ ಬರುತ್ತದೆ. ಉಗ್ರಾಣದ ಕತ್ತಲಲ್ಲಿ ಕೂತಾಗೆಲ್ಲ, ಈ ಬೆನ್ನು ಎಷ್ಟು ಹೊತ್ತು ಬಾಗಿಲು ತಡೆದೀತು ಎಂದು ನಾನು ನಿಜವಾಗಿ ಯೋಚಿಸುತ್ತೇನೆ. ನನಗೆ ಭಯವಿದೆ. ಭಯವಾದಾಗ ನಾನು ಮಗಳಿಗೆ ಫೋನ್ ಮಾಡುತ್ತೇನೆ, ನೀವು ಸುತ್ತೋಲೆ ಬರೆಯುತ್ತೀರಿ. ಆರು ವರ್ಷದವರು ಏನು ಮಾಡಬೇಕು? ಆಟವಾಡುತ್ತಾರೆ. ಮುದುಡಿ ಕೂತವರು ಆಟದಲ್ಲಾದರೂ ಎದ್ದು ಹೊರಗೆ ಬಂದು, ಬಾಗಿಲು ಅಲ್ಲಾಡಿಸುವ ಕೈ ತಮ್ಮದೇ ಎಂದುಕೊಳ್ಳುತ್ತಾರೆ. ಅವರಿಗೆ ಇರುವ ಉಪಾಯ ಅದೊಂದೇ. ಭಯವನ್ನು ಕಲಿಸಿದವರೇ ನಾವು. ಅದನ್ನು ಆಡಿ ಕಳೆದುಕೊಳ್ಳಲು ಹೊರಟ ಮಗುವಿಗೆ ಅಪರಾಧಿ ಎಂದು ಹೆಸರಿಟ್ಟವರೂ ನಾವೇ.

ಬರುವ ಗುರುವಾರ ನಿಮ್ಮ ಮುಂದೆ ವಿಚಾರಣೆಯಿದೆ. ಆ ಕಾಗದ ಹನ್ನೆರಡನೇ ತರಗತಿಯವರೆಗೆ ಅವಳ ಕಡತದಲ್ಲಿ ಇರಬೇಕೇ ಬೇಡವೇ ಎಂದು ನೀವು ತೀರ್ಮಾನಿಸುತ್ತೀರಿ. ಇದ್ದರೆ, ಪ್ರತಿ ವರ್ಷದ ಹೊಸ ಟೀಚರ್ ಓಪಲ್‌ಳ ಮುಖಕ್ಕಿಂತ ಮೊದಲು ಆ ಕಾಗದವನ್ನು ನೋಡುತ್ತಾರೆ.

ನನ್ನ ಬೇಡಿಕೆ ಎರಡು. ಆ ಕಾಗದವನ್ನು ಕಡತದಿಂದ ತೆಗೆದು ಹರಿದುಹಾಕಿ. ಗುರುವಾರ ಮೇಜಿನ ಆ ಕಡೆಯಿಂದ ಎದ್ದು ಬಂದು, ಅವಳ ಎತ್ತರಕ್ಕೆ ಬಗ್ಗಿ, "ನೀನೇನೂ ತಪ್ಪು ಮಾಡಿಲ್ಲ, ನಾವು ತಪ್ಪು ತಿಳ್ಕೊಂಡ್ವಿ" ಎಂದು ನಿಮ್ಮ ಬಾಯಿಂದ ಹೇಳಿ. ನಾನು ನೂರು ಸಲ ಹೇಳಿದ್ದೇನೆ, ಅವಳು ನಂಬುತ್ತಿಲ್ಲ. ನನ್ನ ಹತ್ತಿರ ಮೊಹರಿಲ್ಲವಲ್ಲ.

ಎರಡನೆಯದು ಏಕೆ ಬೇಕು ಎಂದು ಕೇಳುತ್ತೀರಾದರೆ, ಕೇಳಿ. ನಿನ್ನೆ ಹಾಲಿಸ್‌ಳ ತಾಯಿ ಧೈರ್ಯ ಮಾಡಿ ಮಗಳನ್ನು ನಮ್ಮ ಮನೆಗೆ ಕಳಿಸಿದ್ದರು. ಹಾಲಿಸ್ ಬಂದವಳೇ ಅಂಗಳದಲ್ಲಿ ನಿಂತು, "ಬಾರೇ, ಅಂಗಡಿ ಆಟ ಆಡೋಣ," ಎಂದಳು. ಓಪಲ್ ಮೆಟ್ಟಿಲ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು.

"ನೀನು ಆಡು, ನಾನು ನೋಡ್ತೀನಿ," ಎಂದಳು. "ನಾನು ಆಡಿದ್ರೆ ನಿಂಗೂ ಕಾಗದ ಬರುತ್ತೆ."

ಇಂತಿ, ಗುರುವಾರ ಬಾಯಿ ಮುಚ್ಚಿಕೊಂಡು ಕೂರಲಾರದ,
ಆರ್ಡಿತ್ ಸ್ಟೌಫರ್
ಓಪಲ್‌ಳ ಅಜ್ಜಿ, ಈ ಪತ್ರ ಊರಿನ ಪತ್ರಿಕೆಯಲ್ಲಿ ಅಚ್ಚಾಗುವವರೆಗಾದರೂ ನಿಮ್ಮ ಶಾಲೆಯ ಅಡುಗೆಯವಳು