ಬಾಚಣಿಗೆಯ ಗರಗಸವನ್ನು ಗುರುತಿಸಿದ್ದು ಯಾರು?

ಮಾನ್ಯ ನಿರ್ದೇಶಕರೇ,

ನಿಮ್ಮ ವಸ್ತುಸಂಗ್ರಹಾಲಯದ ಮೂರನೆಯ ಗ್ಯಾಲರಿಯಲ್ಲಿ, ಕಿಟಕಿ ಪಕ್ಕದ ಗಾಜಿನ ಪೆಟ್ಟಿಗೆಯೊಳಗೆ ಒಂದು ಪುಟ್ಟ ಗರಗಸವಿದೆ. ಅದರ ಹೊಸ ಫಲಕದಲ್ಲಿ ‘ಬಾಚಣಿಗೆ ತಯಾರಕರ ಗರಗಸ. ಗುರುತಿಸಿದವರು: ನಿರ್ದೇಶಕರು’ ಎಂದಿದೆ. ಇದು ಸುಳ್ಳು. ಗುರುತಿಸಿದ್ದು ನಿಮ್ಮ ಕಟ್ಟಡದ ನೆಲ ಒರೆಸುತ್ತಿದ್ದ ಹೆಂಗಸು. ಅವರನ್ನು ನೀವು ಗ್ಯಾಲರಿಯಿಂದಲೇ ಹೊರಗೆ ಹಾಕಿದ್ದೀರಿ. ನಿಮ್ಮ ಕೋಣೆಯ ಬಾಗಿಲಲ್ಲಿ ಮೂರು ಸಲ ನಿಂತು ಹೇಳಿದೆ, ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಆದ್ದರಿಂದ ನಾಲ್ಕು ಜನರಿಗೆ ಕೇಳಿಸುವಂತೆ ಬರೆಯುತ್ತಿದ್ದೇನೆ.

ನಾನು ವಸ್ತುಸಂಗ್ರಹಾಲಯ ಅಧ್ಯಯನದಲ್ಲಿ ಎಂ.ಎ. ಓದುತ್ತಿರುವವಳು, ಆರು ತಿಂಗಳ ತರಬೇತಿಗೆ ನಿಮ್ಮಲ್ಲಿಗೆ ಬಂದ ಮೂವರಲ್ಲಿ ಒಬ್ಬಳು. ವಸ್ತುಗಳನ್ನು ಅಭ್ಯಾಸ ಮಾಡುವುದು, ಪ್ರದರ್ಶನ ರೂಪಿಸುವುದು, ಶಾಲಾ ಮಕ್ಕಳಿಗೆ ಕಲಿಸುವುದು ನಮ್ಮ ಪಠ್ಯಕ್ರಮದಲ್ಲಿತ್ತು. ಮೊದಲ ಎರಡು ತಿಂಗಳು ನಾವು ಕಲಿತದ್ದು ಅತಿಥಿಗಳ ಕುರ್ಚಿಗೆ ಹೆಸರಿನ ಚೀಟಿ ಅಂಟಿಸುವುದನ್ನು ಮತ್ತು ರಿಬ್ಬನ್ ಕತ್ತರಿಸುವ ಕತ್ತರಿಯನ್ನು ತಟ್ಟೆಯಲ್ಲಿಟ್ಟುಕೊಂಡು ನಿಲ್ಲುವುದನ್ನು. ಅಪರೂಪದ ವಸ್ತುವನ್ನು ಎರಡೂ ಕೈಯಲ್ಲಿ ಹಿಡಿಯಬೇಕೆಂಬ ಪಾಠ ಅಲ್ಲಿ ಬಹಳ ಉಪಯೋಗಕ್ಕೆ ಬಂತು.

ಮೂರನೆಯ ತಿಂಗಳು ಹಳೆಯ ಫಲಕಗಳನ್ನು ಹೊಸದಾಗಿ ಟೈಪು ಮಾಡಿಕೊಡಲು ನನಗೆ ಹೇಳಿದಿರಿ. ತಿದ್ದಲು ಹೇಳಲಿಲ್ಲ. ಆಗ ಈ ಗರಗಸದ ಫಲಕ ಹೀಗಿತ್ತು: ‘ಶಸ್ತ್ರವೈದ್ಯರ ಗರಗಸ. ಗಾಯಾಳುಗಳ ಕೈಕಾಲು ಕತ್ತರಿಸಲು ಬಳಸುತ್ತಿದ್ದರು.’ ಆಧಾರವೇನೆಂದು ಕಡತ ತೆಗೆದು ನೋಡಿದೆ. ‘ಶಸ್ತ್ರವೈದ್ಯ’ ಎಂಬ ಪದದ ಮುಂದೆ ಒಂದು ಪ್ರಶ್ನೆಚಿಹ್ನೆ ಇತ್ತು. ಕಡತದಿಂದ ಫಲಕಕ್ಕೆ ಬರುವ ದಾರಿಯಲ್ಲಿ ಅದು ಎಲ್ಲೋ ಉದುರಿಹೋಗಿತ್ತು. ಎಷ್ಟು ವರ್ಷ, ಎಷ್ಟು ಸಾವಿರ ಮಕ್ಕಳು ಅದನ್ನು ಓದಿ ಹೆದರಿ ಹೋಗಿರಬಹುದು? ಲೆಕ್ಕ ಇಟ್ಟವರುಂಟೇ?

ಪೆಟ್ಟಿಗೆ ತೆರೆದು ಅಳತೆ ತೆಗೆದುಕೊಳ್ಳುತ್ತಿದ್ದೆ. ಪಕ್ಕದಲ್ಲೇ ನೆಲ ಒರೆಸುತ್ತಿದ್ದ ಅಕ್ಕ ಕೋಲಿಗೆ ಗಲ್ಲ ಊರಿ ನಿಂತರು. ಅಷ್ಟು ದಿನದಲ್ಲಿ ನಮ್ಮ ನಡುವೆ ‘ಸ್ವಲ್ಪ ಕಾಲೆತ್ತಮ್ಮ’ ಎನ್ನುವುದಕ್ಕಿಂತ ಹೆಚ್ಚಿನ ಮಾತು ನಡೆದಿರಲಿಲ್ಲ.

“ಅದಕ್ಕೆ ಎರಡು ಅಲಗು ಯಾಕಿದೆ ಹೇಳು ನೋಡೋಣ.”

ಒಂದು ಮುರಿದರೆ ಇನ್ನೊಂದಿರಲಿ ಅಂತಿರಬಹುದು ಎಂದೆ. ಅಕ್ಕ ನಕ್ಕುಬಿಟ್ಟರು.

“ಇದು ಬಾಚಣಿಗೆ ಹಲ್ಲು ಕೊಯ್ಯೋ ಗರಗಸ. ನಮ್ಮಪ್ಪ ಇಂಥದ್ರಲ್ಲೇ ಕೊಂಬಿನ ಬಾಚಣಿಗೆ ಮಾಡ್ತಿದ್ದಿದ್ದು. ಉದ್ದದ ಅಲಗು ಸೀಳ್ತಾ ಇದ್ರೆ ಗಿಡ್ಡದು ಪಕ್ಕದ ಸೀಳಿಗೆ ಗುರುತು ಹಾಕ್ತಾ ಹೋಗುತ್ತೆ. ಅದಕ್ಕೇ ಎಲ್ಲಾ ಹಲ್ಲೂ ಒಂದೇ ಸಮ ಬರೋದು.”

“ಇಷ್ಟು ವರ್ಷ ಯಾರಿಗೂ ಯಾಕೆ ಹೇಳ್ಲಿಲ್ಲ ಅಕ್ಕ?”

“ಯಾರು ಕೇಳಿದ್ರು? ನನಗೆ ಓದಕ್ಕೆ ಬರಲ್ಲ. ಬಾಚಣಿಗೇದು ಅಂತಲೇ ಬರೆದಿರ್ತಾರೆ ಅಂದ್ಕೊಂಡಿದ್ದೆ.”

ಫಲಕ ಓದಿ ಹೇಳಿದೆ. ಅವರ ಮುಖ ಇಳಿದುಹೋಯಿತು. “ನಮ್ಮಪ್ಪ ಯಾರ ಕೈನೂ ಕೊಯ್ದಿಲ್ಲ ಕಣಮ್ಮ” ಎಂದರು.

ಮರುದಿನ ಸೆರಗಿನಲ್ಲಿ ಸುತ್ತಿಕೊಂಡು ಅಪ್ಪ ಅರ್ಧಕ್ಕೆ ಬಿಟ್ಟಿದ್ದ ಬಾಚಣಿಗೆಯೊಂದನ್ನು ತಂದರು. ಭೂತಗನ್ನಡಿ ಹಿಡಿದು ನೋಡಿದರೆ ಕೊನೆಯ ಸೀಳಿನ ಪಕ್ಕದಲ್ಲಿ ಕೂದಲೆಳೆಯಷ್ಟು ತೆಳುವಾದ ಗುರುತು. ಮುಂದಿನ ಹಲ್ಲಿಗಾಗಿ ಗಿಡ್ಡ ಅಲಗು ಹಾಕಿಟ್ಟದ್ದು. ಎರಡು ವರ್ಷದ ಕೋರ್ಸಿನಲ್ಲಿ ನಾನು ಕಂಡ ಅತ್ಯುತ್ತಮ ಸಾಕ್ಷ್ಯ ಅದು. ನಾಲ್ಕು ಪುಟದ ವರದಿ ಬರೆದು ತಂದೆ. “ಅಲ್ಲಿಡು” ಎಂದಿರಿ, ಮೊಬೈಲಿನಿಂದ ತಲೆಯೆತ್ತದೆ.

ಅಕ್ಕನನ್ನೇ ಕೂರಿಸಿ ಮಕ್ಕಳಿಗೆ ತೋರಿಸೋಣವೆಂದಾಗ ನಿಮ್ಮ ಶಿಕ್ಷಣ ವಿಭಾಗದ ಮೇಡಂ ಒಪ್ಪಿದರು. ಬಡಗಿಯೊಬ್ಬರು ಮಾದರಿ ಗರಗಸ ಮಾಡಿಕೊಟ್ಟರು. ನಲವತ್ತು ಮಕ್ಕಳು ಮೇಜಿನ ಸುತ್ತ ಮುತ್ತಿಕೊಂಡರು. ಅಕ್ಕ ಕೊಂಬಿನ ತುಂಡನ್ನು ಮೊಣಕಾಲ ಸಂದಿಯಲ್ಲಿ ಒತ್ತಿ ಹಿಡಿದು ಮೊದಲ ಹಲ್ಲು ಕೊಯ್ದರು. “ಹಲ್ಲು ಮುರಿದ್ರೆ ಏನ್ಮಾಡ್ತಾರೆ?” ಎಂದು ಒಬ್ಬಳು ಹುಡುಗಿ ಕೇಳಿದಳು. “ಬೈಸ್ಕೊಂಡು ಇನ್ನೊಂದು ಕೊಂಬು ತಗೋತಾರೆ” ಎಂದರು ಅಕ್ಕ. ಆ ಗ್ಯಾಲರಿಯಲ್ಲಿ ಮಕ್ಕಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಗ ನೀವು ಬಂದಿರಿ. “ಇದೇನಿದು, ಕಸ ಗುಡಿಸೋರು ಪಾಠ ಮಾಡೋ ಕಾಲ ಬಂತಾ? ಏಳಮ್ಮ, ಬಕೆಟ್ ಎಲ್ಲಿ?” ಎಂದಿರಿ, ನಲವತ್ತು ಮಕ್ಕಳ ಎದುರಿಗೆ. ಅಕ್ಕ ಎದ್ದರು. ಗರಗಸವನ್ನು ಬಟ್ಟೆಯ ಮೇಲೆ ಮಲಗಿಸಿದರು. ನೆಲಕ್ಕೆ ಬಿದ್ದಿದ್ದ ಕೊಂಬಿನ ಪುಡಿಯನ್ನು ಅಂಗೈಯಲ್ಲಿ ಬಳಿದುಕೊಂಡು ಹೋದರು. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಆ ಮೌನಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ. ನಿಮಗೆ ನಿಮ್ಮ ಮಾತಿನ ಬಗ್ಗೆ?

ಮುಂದಿನ ವಾರ ಅವರನ್ನು ವಾಹನ ನಿಲ್ಲಿಸುವ ಜಾಗ ಮತ್ತು ಶೌಚಾಲಯದ ಕೆಲಸಕ್ಕೆ ಹಾಕಲಾಯಿತು. ಗ್ಯಾಲರಿಗೆ ಕಾಲಿಡಬಾರದೆಂಬ ಆಜ್ಞೆ ಬೇರೆ. ನನ್ನ ಮೌಲ್ಯಮಾಪನದಲ್ಲಿ ‘ಸಾಂಸ್ಥಿಕ ಶಿಸ್ತಿನ ಅರಿವಿಲ್ಲ’ ಎಂದು ಬರೆದಿರಿ. ತಿಂಗಳು ಕಳೆಯುವುದರೊಳಗೆ ಹೊಸ ಫಲಕ ಬಂತು, ನಿಮ್ಮ ಹೆಸರಿನಲ್ಲಿ. ಪತ್ರಿಕೆಯಲ್ಲಿ ನಿಮ್ಮ ಚಿತ್ರವೂ ಬಂತು. ಗರಗಸವನ್ನು ತಲೆಕೆಳಗಾಗಿ ಹಿಡಿದಿದ್ದೀರಿ.

ಒಂದು ತಪ್ಪು ನನ್ನದೂ ಇದೆ, ಅದನ್ನು ಮುಚ್ಚಿಡಲಾರೆ. ಆ ವರದಿಯಲ್ಲಿ ನಾನು ಬರೆದದ್ದು ‘ಮೌಖಿಕ ಮಾಹಿತಿ: ಸಿಬ್ಬಂದಿಯೊಬ್ಬರು’ ಎಂದು. ಹಾಗೆಯೇ ಬರೆಯಬೇಕೆಂದು ನನಗೆ ಕಲಿಸಿದ್ದರು, ನಾನೂ ಮರುಪ್ರಶ್ನೆ ಹಾಕದೆ ಕಲಿತೆ. ಖಾಲಿ ಕುರ್ಚಿ ಹಾಕಿಟ್ಟವಳು ನಾನು. ಬಂದು ಕುಳಿತವರು ನೀವು.

ಹೊಸ ಫಲಕದ ವಿಷಯ ಹೇಳಲು ಹೋದಾಗ ಅಕ್ಕ ಪೈಪು ಹಿಡಿದು ನೆಲ ತೊಳೆಯುತ್ತಿದ್ದರು. “ಕೈಕಾಲು ಕತ್ತರಿಸೋದು ಅಂತ ಬರೆದಿದ್ದು ತೆಗೆದ್ರಲ್ಲ, ಸಾಕು ಬಿಡು” ಎಂದರು. ಅವರಿಗೆ ಸಾಕಾಗಿರಬಹುದು. ನನಗೆ ಸಾಲದು.

ಫಲಕದಿಂದ ನಿಮ್ಮ ಹೆಸರು ತೆಗೆಯಿರಿ. ಅಕ್ಕನ ಹೆಸರನ್ನೂ, ಆ ಬಾಚಣಿಗೆ ಮಾಡಿದ ಅವರ ಅಪ್ಪನ ಹೆಸರನ್ನೂ ಅಲ್ಲಿ ಬರೆಯಿರಿ. ಅವರನ್ನು ಗ್ಯಾಲರಿಗೆ ಮರಳಿ ಕರೆಯಿರಿ, ವಾರಕ್ಕೊಂದು ದಿನ ಮಕ್ಕಳ ಮುಂದೆ ಕೂರಿಸಿ. ನಡುವೆ ಎಬ್ಬಿಸಬೇಡಿ. ಹಾಗೆ ತಿದ್ದಿದ ಫಲಕ ಬಂದ ದಿನ ಅದನ್ನು ಮೊದಲು ಅವರಿಗೆ ಓದಿ ಹೇಳಬೇಕಾದವರು ನೀವು. ನಿಂತುಕೊಂಡು, ಗಟ್ಟಿಯಾಗಿ.

ಇಂತಿ,
ಆರು ತಿಂಗಳು ಕಲಿತೂ, ಕಲಿಸಿದವರ ಹೆಸರು ಬರೆಯದೇ ಹೋದ
ನಿಮ್ಮ ಮಾಜಿ ಟ್ರೈನಿ